ಡಾ. ಅಲ್ಗಾರಿದಮ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಡಾಕ್ಟರೇ,

ನಮ್ಮ ಭಾವನವರ ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾದಂದಿನಿಂದ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ತಮ್ಮದೇ ಪ್ರಾಕ್ಟೀಸು. ಸರ್ಜನ್ ಕೊಟ್ಟದ್ದು ಹತ್ತು ನಿಮಿಷ, ಅದರ ನಡುವೆಯೂ ಅವರ ಫೋನ್ ಬಡಿದುಕೊಳ್ಳುತ್ತಿತ್ತು. ತಾವಾದರೋ ಬೆಳಗಿನ ಜಾವದವರೆಗೂ ರೋಗಿಯ ಹಾಸಿಗೆ ಬಿಟ್ಟು ಕದಲಲಿಲ್ಲ.

ಮೊದಲಿಗೆ ತೋರಿಸಿದಿರಲ್ಲ, ಆ ಆನಿಮೇಷನ್ ವೀಡಿಯೊ! ಹೊಟ್ಟೆಯ ಮೇಲೆ ನಾಲ್ಕು ಪುಟ್ಟ ತೂತು, ಒಳಗೆ ಕಾರ್ಬನ್ ಡೈಆಕ್ಸೈಡ್, ಆಮೇಲೆ ಕ್ಯಾಮೆರಾ. ಪಿತ್ತಕೋಶ ಹಸಿರು ಬಲೂನಿನ ಹಾಗೆ ಹೊಳೆಯುತ್ತಿತ್ತು. ಕೊಬ್ಬಿಲ್ಲ, ಬಾವಿಲ್ಲ, ಅಂಟಿಕೊಂಡ ಕರುಳಿಲ್ಲ, ರಕ್ತ ಹೆಸರಿಗೂ ಇಲ್ಲ. ಆ ಗ್ಯಾಸಿನ ದೆಸೆಯಿಂದ ಆಪರೇಷನ್ ಆದಮೇಲೆ ಭುಜ ನೋಯಬಹುದು ಎಂದಾಗಲಿ, ಒಳಗಿನ ಸ್ಥಿತಿ ಕೆಟ್ಟಿದ್ದರೆ ತೂತು ಬಿಟ್ಟು ಹೊಟ್ಟೆಯನ್ನೇ ತೆರೆಯಬೇಕಾದೀತು ಎಂದಾಗಲಿ ಹೇಳಿ ಹಿನ್ನೆಲೆ ಸಂಗೀತವನ್ನು ಕೆಡಿಸಲಿಲ್ಲ. ಸಂತೋಷ.

ಎರಡನೆಯದು ನಿಜವಾದ ಆಪರೇಷನ್ನು, ಮೂರೇ ನಿಮಿಷದಲ್ಲಿ. ಪಿತ್ತಕೋಶದ ಕೊರಳಿನ ಸುತ್ತಲ ಕೊಬ್ಬನ್ನು ಬಿಡಿಸಿ, ಒಂದು ನಾಳ, ಒಂದು ರಕ್ತನಾಳ, ಎರಡೇ ಎರಡು ಒಳಗೆ ಹೋಗುತ್ತಿವೆ ಎಂದು ಖಾತ್ರಿಯಾಗುವ ತನಕ ಕತ್ತರಿ ಆಡಿಸಬೇಡಿ ಎಂದು ಸ್ಟ್ರಾಸ್‌ಬರ್ಗ್ ಎಂಬ ಅಮೆರಿಕದ ಸರ್ಜನ್ 1995ರಲ್ಲೇ ಬರೆದರು. ತಪ್ಪಿ ಮುಖ್ಯ ಪಿತ್ತನಾಳಕ್ಕೆ ಕತ್ತರಿ ಬಿತ್ತೋ, ರೋಗಿಯ ಗತಿ ದೇವರಿಗೇ ಪ್ರೀತಿ. ಸರ್ಜನ್ ಕೈ ನಿಧಾನವಾಗುವ ಜಾಗ ಅದು. ವೀಡಿಯೊದಲ್ಲಿ ಎಡಿಟರನ ಕತ್ತರಿ ಬಿದ್ದದ್ದೂ ಸರಿಯಾಗಿ ಅಲ್ಲೇ. ಬದಲಿಗೆ ಒಂದು ತುಪ್ಪದ ಜಾಹೀರಾತು ಬಂತು. ಪಿತ್ತದ ಕಲ್ಲಿನವರಿಗೆ ತುಪ್ಪ!

ತಮ್ಮ ಮಾಸ್ಟರ್‌ಪೀಸ್ ಮೂರನೆಯದು: ಆಲಿವ್ ಎಣ್ಣೆಗೆ ನಿಂಬೆರಸ ಸೇರಿಸಿ ಕುಡಿಯಿರಿ, ಬೆಳಗ್ಗೆ ಕಲ್ಲು ಹೊರಗೆ. ವೀಡಿಯೊದವರು ಹಸಿರು ಗುಂಡುಗಳನ್ನು ತಟ್ಟೆಯಲ್ಲಿಟ್ಟು ತೋರಿಸಿಯೂ ತೋರಿಸಿದರು. ನ್ಯೂಜಿಲೆಂಡಿನ ವೈದ್ಯರು ಇಂಥವೇ ಗುಂಡುಗಳನ್ನು ಪರೀಕ್ಷಿಸಿ 2005ರಲ್ಲಿ ‘ಲ್ಯಾನ್ಸೆಟ್’ನಲ್ಲಿ ವರದಿ ಮಾಡಿದ್ದರು. ಅವು ಕಲ್ಲಲ್ಲ, ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನಾಗಿ ಉಂಡೆ ಕಟ್ಟಿದ್ದು. 40 ಡಿಗ್ರಿ ಬಿಸಿಗೆ ಕರಗಿ ಹೋದವು. ಭಾವನವರು ಮಾತ್ರ ಆಗಲೇ ಅಂಗಡಿಗೆ ಹೊರಟಿದ್ದರು.

ನಮ್ಮ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ, 2008ರಲ್ಲಿ, ಪಾಪದ ಡಾಕ್ಟರುಗಳಿಗೆ ಹೇಳಿಬಿಟ್ಟಿದೆ: ಚಿಕಿತ್ಸೆ ಏನು, ಬೇರೆ ದಾರಿ ಏನು, ಅಪಾಯ ಏನು, ಬೇಡವೆಂದರೆ ಏನಾಗುತ್ತದೆ ಎಲ್ಲ ವಿವರಿಸಿಯೇ ಒಪ್ಪಿಗೆ ಪಡೆಯಿರಿ ಎಂದು. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ತಯಾರಾದ ‘ಡಿಸರ್ನ್’ ಎಂಬ 16 ಪ್ರಶ್ನೆಗಳ ಪಟ್ಟಿ ಕೇಳುವುದೂ ಹೆಚ್ಚುಕಡಿಮೆ ಇವನ್ನೇ. ಸಂಶೋಧಕರು ಈಗ ಅದೇ ಪಟ್ಟಿ ಹಿಡಿದು ವೀಡಿಯೊಗಳಿಗೆ ಅಂಕ ಹಾಕುತ್ತಾರೆ. ಎಷ್ಟು ವ್ಯೂಸ್ ಬಂತು ಎಂಬ ಪ್ರಶ್ನೆಯೇ ಅದರಲ್ಲಿಲ್ಲ, ಎಂಥ ಅನ್ಯಾಯ ನೋಡಿ. ತೊಂದರೆ ಕೊಡದೆ ಸುಮ್ಮನಿರುವ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ನೇ ಬೇಡ ಎಂಬ ಸಂಗತಿ ತಮ್ಮ ಮೇಲ್ಸಾಲಿನಲ್ಲೇಕೆ ಕಾಣುವುದಿಲ್ಲ ಎಂದು ಯೋಚಿಸುತ್ತಿದ್ದೆ. ಕತ್ತರಿಸುವವರಿಗೂ ಎಣ್ಣೆ ಕುಡಿಸುವವರಿಗೂ ಅದರಿಂದ ಗಿಟ್ಟುವುದೇನೂ ಇಲ್ಲವಲ್ಲ.

ವೈದ್ಯಕೀಯ ಕಾಲೇಜುಗಳ ಒಳ್ಳೆಯ ವೀಡಿಯೊಗಳೂ ತಮ್ಮಲ್ಲಿವೆ, ಸುಳ್ಳು ಹೇಳಬಾರದು. ಬಿಳಿ ಗೋಡೆಯ ಮುಂದೆ ಕೂತ ಪ್ರೊಫೆಸರೊಬ್ಬರು ಭುಜದ ನೋವಿನಿಂದ ಹಿಡಿದು ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತಾರೆ. ಥಂಬ್‌ನೇಲಿನಲ್ಲಿ ಕೆಂಪು ಬಾಣ ಹಾಕುವುದು ಅವರಿಗೆ ಬರುವುದಿಲ್ಲ. ಬೆರಳು ಸವೆಯುವಷ್ಟು ಕೆಳಗೆ ಜಾರಿಸಿದ ಮೇಲೆ ಸಿಕ್ಕರು.

ಸೋಮವಾರ ಅಡ್ಮಿಷನ್. ಊಟ ಮಾಡಿದಾಗಲೆಲ್ಲ ಬಲಪಕ್ಕೆ ಹಿಡಿದುಕೊಂಡು ಒದ್ದಾಡುವವರಿಗೆ ಬೇರೆ ದಾರಿಯಿಲ್ಲ ಎಂದು ಸರ್ಜನ್ ಅಂದಿದ್ದಾರೆ. ಒಪ್ಪಿಗೆ ಪತ್ರದಲ್ಲಿ ‘ರೋಗಿಗೆ ವಿವರಿಸಿದ ವೈದ್ಯರು’ ಎಂಬ ಸಾಲಿದೆಯಂತೆ. ಅಲ್ಲಿ ತಮ್ಮ ಹೆಸರನ್ನೇ ಬರೆಸಬೇಕೆಂದು ಭಾವನವರ ಹಟ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಮ್ಮ ನೋಂದಣಿ ಸಂಖ್ಯೆ ಎಷ್ಟು, ದಯವಿಟ್ಟು ಭಾನುವಾರದೊಳಗೆ ತಿಳಿಸಿ. ರುಜು ಹಾಕಲು ಖುದ್ದಾಗಿ ಬರಬೇಕಾಗುತ್ತದೆ.

ಇಂತಿ,
ರೋಗಿಯ ಭಾಮೈದ