ಇಂಚು ನಿರ್ಣಯ: ಪಿಕ್‌ಅಪ್ ವಾಹನದ ಸಬ್‌ವೂಫರ್ ಕುರಿತ ಶಾಸ್ತ್ರ ವಿಚಾರ

ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ನಾದವನ್ನಷ್ಟೇ ಹೊರಡಿಸುವ ಸ್ಪೀಕರಿಗೆ ಸಬ್‌ವೂಫರ್ ಎಂದು ಹೆಸರು. ಮನುಷ್ಯನ ಕಿವಿಗೆ ತಗ್ಗಿನಲ್ಲಿ 20 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಆದರೆ ಈ ನಾದದ ಪರೀಕ್ಷಕ ಸ್ಥಾನದಲ್ಲಿ ಕಿವಿ ಕೂರುವುದಿಲ್ಲ. ಎದೆಗೂಡು, ಕಿಟಕಿಯ ಗಾಜು, ಮಾಡಿನ ತಗಡು ಮತ್ತು ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಕೂರುತ್ತವೆ. ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಈ ಸಾಮಗ್ರಿಗೆಲ್ಲ ಒಟ್ಟಾರೆ ‘ಬಾಕ್ಸ್’ ಎಂದೂ, ಅದನ್ನು ಹೊತ್ತು ಮದುವೆ ಮೆರವಣಿಗೆಗೆ ಬರುವ ಬೊಲೆರೊ ಪಿಕ್‌ಅಪ್ಪಿಗೋ ಛೋಟಾ ಹಾಥಿಗೋ ‘ಡಿಜೆ’ ಎಂದೂ ವ್ಯವಹಾರ. ಅದೇ ವಾಹನ ಮುಂಜಾನೆ ಹತ್ತಿ ಬಿಡಿಸುವ ಕೂಲಿ ಹೆಣ್ಣುಮಕ್ಕಳನ್ನು ಹೊತ್ತು ಹೊಲಕ್ಕೆ ಹೋಗಿರುತ್ತದೆ. ಆಗ ಅದಕ್ಕೆ ಯಾವ ಹೆಸರೂ ಇರುವುದಿಲ್ಲ.

ಮೊದಲು ಪ್ರಮಾಣದ ಮಾತು. ದೇಶವೆಲ್ಲ ಮೀಟರು ಕಿಲೋಗ್ರಾಮುಗಳಿಗೆ ಹೊರಳಿದ ಮೇಲೂ ಬಂಗಾರ ತೊಲೆಯಲ್ಲಿ, ಹೊಲ ಎಕರೆಯಲ್ಲಿ, ವೂಫರ್ ಇಂಚಿನಲ್ಲಿ ಉಳಿದುಕೊಂಡಿವೆ. ಮರ್ಯಾದೆಗೆ ಸಂಬಂಧಪಟ್ಟ ವಸ್ತುಗಳ ಅಳತೆ ಸುಲಭಕ್ಕೆ ಬದಲಾಗುವುದಿಲ್ಲ ಎಂಬುದು ಇದರಿಂದ ಸಿದ್ಧ. ಇನ್ನೊಂದು ಸಂಗತಿ ಗ್ರಾಹಕರಿಗೆ ತಿಳಿಯದಿರುವುದೇ ಮೇಲು. ಇಂಚನ್ನು ಅಳೆಯುವುದು ಹೊರಗಿನ ಲೋಹದ ಚೌಕಟ್ಟಿನ ಅಂಚಿನಿಂದ ಅಂಚಿಗೆ. ನಿಜವಾಗಿ ಗಾಳಿಯನ್ನು ನೂಕುವ ಶಂಕು ಅದಕ್ಕಿಂತ ಸಣ್ಣದು. ಹದಿನೆಂಟು ಇಂಚಿನ ವೂಫರಿನಲ್ಲಿ ದುಡಿಯುವ ಭಾಗ ಸುಮಾರು ಹದಿನೈದೂವರೆ ಇಂಚು. ಮಿಕ್ಕ ಎರಡೂವರೆ ಇಂಚಿನ ಬಾಡಿಗೆಯನ್ನು ವರನ ಕಡೆಯವರು ಸಂತೋಷದಿಂದಲೇ ಕೊಡುತ್ತಾರೆ.

ಸಬ್‌ವೂಫರಿನಲ್ಲಿ ಎರಡು ಬಗೆ: ಅಂತರಂಗದ್ದು ಮತ್ತು ಬಹಿರಂಗದ್ದು. ಅಂತರಂಗದ್ದು ಡ್ರೈವರನ ಕ್ಯಾಬಿನ್ನಿನೊಳಗೆ, ಸೀಟಿನ ಹಿಂದೆ ಅಥವಾ ಕೆಳಗೆ ಇರತಕ್ಕದ್ದು. ಪಿಕ್‌ಅಪ್ಪಿನಲ್ಲಿ ಸೀಟಿನ ಹಿಂದೆ ಸಿಗುವ ಸಂದು ಗೇಣುದ್ದವೂ ಇಲ್ಲ. ಅಲ್ಲೂ ಜಾಕ್, ಪಾನಾ, ನೀರಿನ ಕ್ಯಾನು ಮೊದಲೇ ಠಿಕಾಣಿ ಹೂಡಿರುತ್ತವೆ. ಆದ್ದರಿಂದ ಇಲ್ಲಿ ಎಂಟು ಇಂಚಿನ, ಹೆಚ್ಚೆಂದರೆ ಹತ್ತು ಇಂಚಿನ, ಆಳ ಕಡಿಮೆ ಇರುವ ವೂಫರೇ ಯೋಗ್ಯ. ಬಾಗಿಲು ಹಾಕಿದ ಚಿಕ್ಕ ಕ್ಯಾಬಿನ್ನಿನಲ್ಲಿ ಗಾಳಿಗೆ ಓಡಲು ದಾರಿಯಿಲ್ಲದೆ ತಗ್ಗಿನ ನಾದದ ಒತ್ತಡ ತಾನಾಗಿ ಏರುವುದರಿಂದ ಎಂಟು ಇಂಚಿಗೂ ಸಾಕಷ್ಟು ಬೇಸ್ ಹುಟ್ಟುತ್ತದೆ. ವೈಜ್ಞಾನಿಕವಾಗಿ ಇದೇ ಸರಿಯಾದ ಉತ್ತರ. ಆದರೆ ಇದನ್ನು ಕೇಳುವವನು ಡ್ರೈವರ್ ಒಬ್ಬನೇ, ಓಣಿಯವರಿಗೆ ಕೇಳಿಸುವುದಿಲ್ಲ. ಆ ಕಾರಣದಿಂದ ವಿದ್ವಾಂಸರು ಇದರ ಚರ್ಚೆಯನ್ನು ಮುಂದುವರಿಸಿಲ್ಲ.

ಬಹಿರಂಗದ ವೂಫರ್ ಹಿಂದಿನ ತೊಟ್ಟಿಯಲ್ಲಿ ಪ್ಲೈವುಡ್ ಪೆಟ್ಟಿಗೆಯಾಗಿ ಪ್ರತಿಷ್ಠೆಗೊಳ್ಳುತ್ತದೆ. ಇದರ ವಿಷಯದಲ್ಲಿ ಮೂರು ಮತಗಳಿವೆ. ಹನ್ನೆರಡರ ಮತದವರು, ಸಣ್ಣ ಶಂಕು ಚುರುಕು, ತಾಳ ಬಿಡಿಬಿಡಿಯಾಗಿ ಬರುತ್ತದೆ ಎನ್ನುತ್ತಾರೆ. ಈ ಚುರುಕುತನ ಹೆಚ್ಚಾಗಿ ಪೆಟ್ಟಿಗೆಯ ಅಳತೆ ಮತ್ತು ಅದರ ಗಾಳಿಕಂಡಿಯ ಗುಣವೇ ಹೊರತು ಇಂಚಿನದಲ್ಲ ಎಂದು ಪ್ರತಿವಾದ. ಹದಿನೈದರ ಮತ ಮಧ್ಯಮ ಮಾರ್ಗ. ಮಲಗಿದ ಬುದ್ಧನಂತೆ ಕಾಣುವ ಬೆಟ್ಟವನ್ನೇ ಹೊಂದಿರುವ ಶಹಾಪುರದಲ್ಲಿ ಮಧ್ಯಮ ಮಾರ್ಗಕ್ಕೆ ಅನುಯಾಯಿಗಳು ಹೆಚ್ಚಿರಬೇಕಿತ್ತು, ಹಾಗೇನೂ ಕಾಣುವುದಿಲ್ಲ. ಹದಿನೆಂಟರ ಮತಕ್ಕೆ ವಾದವೇ ಇಲ್ಲ, ಸ್ವಿಚ್ಚು ಹಾಕಿದರೆ ಪ್ರತಿವಾದಿಯ ಮಾತು ಕೇಳಿಸುವುದಿಲ್ಲವಾದ್ದರಿಂದ.

ಗಣಿತ ಮಾತ್ರ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಶಂಕುವಿನ ಕ್ಷೇತ್ರಫಲ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹನ್ನೆರಡರ ವರ್ಗ 144, ಹದಿನೈದರದು 225, ಹದಿನೆಂಟರದು 324. ಅಂದರೆ ಒಂದು ಹದಿನೆಂಟು, ಎರಡು ಹನ್ನೆರಡನ್ನು ಸೋಲಿಸುತ್ತದೆ. ಎರಡು ಹದಿನೈದು ಸೇರಿದರೆ ಒಂದು ಹದಿನೆಂಟನ್ನು ಆರಾಮಾಗಿ ಮೀರುತ್ತವೆ. ಹಾಗಾದರೆ ಜಾಣರು ಎರಡು ಹದಿನೈದನ್ನೇ ಕೊಳ್ಳಬೇಕಲ್ಲ? ಕೊಳ್ಳುವುದಿಲ್ಲ. ಮೆರವಣಿಗೆಯಲ್ಲಿ “ಎಷ್ಟ್ ಇಂಚಿಂದು?” ಎಂದು ಕೇಳುವವರುಂಟು, “ಕ್ಷೇತ್ರಫಲ ಎಷ್ಟು?” ಎಂದು ಕೇಳಿದವರಿಲ್ಲ.

ಅಲೆಯ ಉದ್ದ ಇನ್ನೂ ತೊಡಕಿನದು. ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್. ಪ್ರತಿ ಡಿಗ್ರಿಗೆ ಸುಮಾರು 0.6 ಮೀಟರ್ ಏರುತ್ತದೆ. ಲಗ್ನಸರಾಯಿಯ 40 ಡಿಗ್ರಿ ಬಿಸಿಲಿನಲ್ಲಿ ಅದು 355 ಆಗುವುದರಿಂದ ಈ ಸೀಮೆಯ ಬೇಸ್ ಮಡಿಕೇರಿಯ ಬೇಸಿಗಿಂತ ಬೇಗ ಮನೆ ಮುಟ್ಟುತ್ತದೆ. ಆ ಲೆಕ್ಕದಲ್ಲಿ 50 ಹರ್ಟ್ಸ್ ಅಲೆಯ ಉದ್ದ ಏಳು ಮೀಟರು ದಾಟುತ್ತದೆ. ಪಿಕ್‌ಅಪ್ಪಿನ ತೊಟ್ಟಿ ಎಂಟೊಂಬತ್ತು ಅಡಿ. ಸುರಪುರದ ಹಳೆಯ ಓಣಿಗಳ ಅಗಲ ಅಷ್ಟೂ ಇಲ್ಲದ ಕಡೆಗಳುಂಟು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನಿಯಮ ಈ ಅಲೆಗೆ ಅನ್ವಯಿಸದು. ಅದು ವಾಹನದಲ್ಲಿ ಹುಟ್ಟಿ ಎರಡೂ ಬದಿಯ ಮನೆಗಳೊಳಗೆ ಕಾಲು ಚಾಚುತ್ತದೆ. ಶಹಾಪುರದಲ್ಲಿ ಬೆಟ್ಟದ ಸಮಸ್ಯೆ. ಬಂಡೆ 177 ಮೀಟರ್ ದೂರದಲ್ಲಿದ್ದರೆ ಪ್ರತಿಧ್ವನಿ ಒಂದು ಸೆಕೆಂಡಿಗೆ ಮರಳುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಹಾಡಾದರೆ ಸರಿಯಾಗಿ ಎರಡು ಪೆಟ್ಟು ತಡವಾಗಿ, ತಾಳಕ್ಕೆ ತಪ್ಪದೆ. ಕುಣಿಯುವವರು ತಾಳ ತಪ್ಪಬಹುದು, ಬೆಟ್ಟ ತಪ್ಪುವುದಿಲ್ಲ. ಯಾದಗಿರಿಗೆ ಜಿಲ್ಲಾ ಕೇಂದ್ರವಾದ ಮೇಲೆ ಬೇರೆಯೇ ತೊಂದರೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವೆಂದು ಕಾನೂನು ಹೇಳುವುದರಿಂದ, ಮೆರವಣಿಗೆಯ ದಾರಿಯನ್ನು ನಕಾಶೆಯಲ್ಲಿ ಬಿಡಿಸಲು ಹೊರಟವರಿಗೆ ಕಲ್ಯಾಣಮಂಟಪದಿಂದ ಹೊರಬೀಳುವ ದಾರಿಯೇ ಸಿಗದೆ ಹೋಗಬಹುದು.

ಇಂಚು ದೊಡ್ಡದಾದಂತೆ ವಿದ್ಯುತ್ತು ಬೇಕು. ಶಕ್ತಿಯನ್ನು ಇಮ್ಮಡಿಸಿದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಬೇಕು. 1000 ವಾಟಿಗೆ 12 ವೋಲ್ಟಿನ ಬ್ಯಾಟರಿ, ಸೋರಿಕೆ ಬಿಟ್ಟರೂ, 83 ಆಂಪಿಯರ್ ಕೊಡಬೇಕು. ಬ್ಯಾಟರಿ ಕೊಟ್ಟೇನೆಂದರೂ ಮದುವೆ ಮುಗಿದ ಮೇಲೆ ಗಾಡಿ ನೂಕಬೇಕಾಗುತ್ತದೆ. ಅದಕ್ಕೇ ಜನರೇಟರ್. ಅದು ವೂಫರಿನ ಪಕ್ಕದಲ್ಲೇ ಕೂತು ಗುಡುಗುಡು ಎನ್ನುತ್ತಿರುತ್ತದೆ. ಜನರೇಟರು ತಾನೇ ಒಂದು ಪರಿಪೂರ್ಣ ಸಬ್‌ವೂಫರ್ ಆಗಿದ್ದರೂ ಅದರ ಇಂಚನ್ನು ಯಾರೂ ಕೇಳದಿರುವುದು ಈ ಶಾಸ್ತ್ರದ ಬಗೆಹರಿಯದ ಪ್ರಶ್ನೆ.

ವಿದ್ಯುತ್ತಿನ ಹಿಂದೆಯೇ ಕಾವು ಬರುತ್ತದೆ. ಕಾವಿನ ವಿಚಾರದಲ್ಲಿ ಪೂರ್ವಸೂರಿಗಳ ಮತ ವೂಫರಿನದಕ್ಕೆ ತದ್ವಿರುದ್ಧ. ಮೈಲಾಪುರ ಮಲ್ಲಯ್ಯನ ಸಂಕ್ರಾಂತಿ ಜಾತ್ರೆಯ ಡೊಳ್ಳು, ಊರ ಮೆರವಣಿಗೆಯ ಹಲಗೆ ಇವೇ ಇಲ್ಲಿನ ಮೂಲ ಬೇಸು. ಹಲಗೆಯವರು ಬಾರಿಸುವ ಮೊದಲು ಒಂದಿಷ್ಟು ಕಸಕಡ್ಡಿಗೆ ಬೆಂಕಿ ಹಚ್ಚಿ, ಹಲಗೆಯನ್ನು ಅದರ ಮುಂದೆ ಹಿಡಿದು, ಬೆರಳಿನಿಂದ ತಟ್ಟಿ ನೋಡುತ್ತ ಕಾಯಿಸುತ್ತಾರೆ. ಚರ್ಮ ಬಿಗಿದಷ್ಟೂ ನಾದ ಏರುತ್ತದೆ. ವೂಫರ್ ಹಾಗಲ್ಲ. ಒಳಗಿನ ತಂತಿಸುರುಳಿ ಕಾದಂತೆ ಅದರ ರೋಧ ಹೆಚ್ಚಿ ಸದ್ದು ಮಂಕಾಗುತ್ತದೆ, ಆಪರೇಟರ್ ವಾಲ್ಯೂಮ್ ಏರಿಸುತ್ತಾನೆ, ಸುರುಳಿ ಇನ್ನಷ್ಟು ಕಾಯುತ್ತದೆ, ಕೊನೆಗೆ ಸುಡುತ್ತದೆ. ಹಲಗೆ ಬಾರಿಸುತ್ತಿದ್ದವರ ಮಕ್ಕಳು ಈಗ ಅದೇ ಪಿಕ್‌ಅಪ್ಪಿನ ಮುಂದೆ ಬರಿಗೈಯಲ್ಲಿ ಕುಣಿಯುತ್ತಿರುವುದನ್ನು ಕೆಲವರು ಪ್ರಗತಿ ಎಂದು ವರ್ಗೀಕರಿಸಿದ್ದಾರೆ.

ಕಾನೂನಿನ ದೃಷ್ಟಿ ಬಲು ಸೂಕ್ಷ್ಮ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ ಹಬ್ಬಹರಿದಿನಗಳಿಗೆ ಹನ್ನೆರಡರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಆದರೆ ಈ ಡೆಸಿಬೆಲ್ ‘ಎ’ ತೂಕದ್ದು, ಮನುಷ್ಯನ ಕಿವಿಯ ಸ್ವಭಾವಕ್ಕೆ ಹೊಂದಿಸಿದ್ದು. 50 ಹರ್ಟ್ಸ್ ನಾದಕ್ಕೆ ಈ ಮಾಪಕ ಸುಮಾರು 30 ಡೆಸಿಬೆಲ್ ಮಾಫಿ ಮಾಡುತ್ತದೆ. ನೂರರ ಗುದ್ದು ಎಪ್ಪತ್ತೆಂದು ದಾಖಲಾಗುತ್ತದೆ. ಹಾಗಾಗಿ ಬೇಸ್ ಎಂಬುದು ಗೋಡೆಗೆ ಕೇಳಿಸಿ ಕಾಗದಕ್ಕೆ ಅರ್ಧಂಬರ್ಧ ಕೇಳಿಸುವ ಸದ್ದು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ವಾಹನದ ರೂಪ ಬದಲಿಸುವುದನ್ನು ನಿರ್ಬಂಧಿಸುತ್ತದೆ; ಪೆಟ್ಟಿಗೆ ‘ಮಾಲು’ ಮಾತ್ರ, ಹಗ್ಗ ಬಿಚ್ಚಿದರೆ ಇಳಿಯುತ್ತದೆ ಎಂಬುದು ಡ್ರೈವರುಗಳ ಭಾಷ್ಯ.

ಇಷ್ಟೆಲ್ಲ ಪ್ರಮಾಣಗಳನ್ನು ಬದಿಗಿಟ್ಟು ಅಂಗಡಿಯಲ್ಲಿ ನಿರ್ಣಯ ಹೇಗಾಗುತ್ತದೆಂದು ನೋಡಬೇಕು. ಗಿರಾಕಿ ಹುಡುಗ ಕೇಳುತ್ತಾನೆ: “ಕಾಕಾ, ಎಷ್ಟ್ ಇಂಚಿಂದು ಹಾಕ್ಸೂದು ಚಲೋ?” ಅಂಗಡಿಯವನು ಶಂಕು, ಪೆಟ್ಟಿಗೆ, ಅಲೆ ಯಾವುದನ್ನೂ ಎತ್ತುವುದಿಲ್ಲ. ಅವನ ಪ್ರಶ್ನೆ ಒಂದೇ: “ಆ ಓಣಿಯವ್ರದು ಎಷ್ಟ್ ಇಂಚಿಂದು ಅದ?” ಉತ್ತರಕ್ಕೆ ಮೂರು ಕೂಡಿಸಿದರೆ ಸಿಗುವುದೇ ಯೋಗ್ಯ ಅಳತೆ. ಎದುರು ಓಣಿಯಲ್ಲಿ ಹನ್ನೆರಡಿದ್ದರೆ ಹದಿನೈದು, ಹದಿನೈದಿದ್ದರೆ ಹದಿನೆಂಟು. ಅಲ್ಲಿ ಹದಿನೆಂಟು ಬಂದಾಗಿದ್ದರೆ ಇಪ್ಪತ್ತೊಂದು ಇಂಚಿನದೂ ತಯಾರಾಗುತ್ತದೆ, ತರಿಸಬಹುದು. ಎರಡೂ ಓಣಿಯವರು ಇಪ್ಪತ್ತೊಂದನ್ನೇ ತರಿಸಿದ ಪಕ್ಷದಲ್ಲಿ ವ್ಯಾಸದ ಪ್ರಶ್ನೆ ಮುಗಿದು ಪೆಟ್ಟಿಗೆಗಳ ಸಂಖ್ಯೆಯ ಪ್ರಶ್ನೆ, ಅದರ ಹಿಂದೆಯೇ ಪಿಕ್‌ಅಪ್ಪಿನ ಬದಲು ಲಾರಿಯ ಪ್ರಶ್ನೆ ಏಳುವುದರಿಂದ, ಅದು ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.