ಸರ್ಕಾರಿ ಅಳತೆಯ ಪ್ಯಾಂಟು

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ನಮ್ಮ ಹಿರಿಯರು ಗಾದೆ ಕಟ್ಟಿದರು. ಫ್ರೆಂಚರು ಅದಕ್ಕೊಂದು ತಿದ್ದುಪಡಿ ತಂದಿದ್ದಾರೆ: ಉಡುಪು ಸರ್ಕಾರದಿಚ್ಛೆ. ಫ್ರೆಂಚ್ ಫ್ಯಾಷನ್ ಅಂದಕೂಡಲೇ ಜಗತ್ತೆಲ್ಲ ಶನೆಲ್, ಡಿಯೋರ್ ಎಂದು ಜಪ ಶುರು ಮಾಡುತ್ತದೆ. ಆ ದೇಶದ ಅತಿ ಹಳೆಯ, ಅತಿ ಪ್ರಭಾವಿ ವಸ್ತ್ರವಿನ್ಯಾಸಕನ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅದು ಸರ್ಕಾರ.

ಶುರು ಮಾಡಿದವನು ಹದಿನಾಲ್ಕನೇ ಲೂಯಿ. 1660ರ ದಶಕದಲ್ಲಿ ಆತ ಒಂದು ಕೋಟು ಹೊರಡಿಸಿದ. ಹೌದು, ಸುತ್ತೋಲೆ ಹೊರಡಿಸಿದ ಹಾಗೆ ಕೋಟನ್ನೇ ಹೊರಡಿಸಿದ. ನೀಲಿ ಬಟ್ಟೆ, ಒಳಗೆ ಕೆಂಪು ಲೈನಿಂಗು, ಮೇಲೆಲ್ಲ ಚಿನ್ನ ಬೆಳ್ಳಿಯ ಕಸೂತಿ. ದುಡ್ಡಿದೆ ಅಂತ ಯಾರೂ ಹೊಲಿಸಿಕೊಳ್ಳುವಂತಿರಲಿಲ್ಲ. ರಾಜನ ಪರವಾನಗಿ ಬೇಕು, ಅದೂ ಇಂತಿಷ್ಟೇ ಮಂದಿಗೆ. ತೊಟ್ಟವನೊಬ್ಬ ಸತ್ತನೆಂದರೆ ಹುದ್ದೆ ಖಾಲಿ. ಉಳಿದವರು ವಶೀಲಿಗೆ ಓಡಬೇಕು. ಕೆಂಪು ಹಿಮ್ಮಡಿಯ ಬೂಟೂ ಅಷ್ಟೇ, ಆಸ್ಥಾನಕ್ಕೆ ಪ್ರವೇಶವಿದ್ದ ಕುಲೀನ ಗಂಡಸರಿಗೆ ಮೀಸಲು. ಇವತ್ತು ಲೂಬುತಾಂ ಕಂಪನಿ ಕೆಂಪು ಅಟ್ಟೆಯ ಚಪ್ಪಲಿ ಮಾರುತ್ತದೆ. ಕುಲ ಕೇಳುವುದಿಲ್ಲ, ಕ್ರೆಡಿಟ್ ಕಾರ್ಡು ಕೇಳುತ್ತದೆ.

ಇದೆಲ್ಲ ಅರಮನೆಯೊಳಗಿನ ಆಟ, ಹಾಳಾಗಿಹೋಗಲಿ. 1686ರಲ್ಲಿ ಸರ್ಕಾರ ಬೀದಿಗಿಳಿಯಿತು. ಕಾರಣ, ನಮ್ಮ ಕೋರಮಂಡಲ ತೀರದಿಂದ ಹೋಗುತ್ತಿದ್ದ ಹೂವಿನ ಚೀಟಿ ಬಟ್ಟೆ. ಹಗುರ, ಒಗೆದರೂ ಬಣ್ಣ ಬಿಡುವುದಿಲ್ಲ, ರೇಷ್ಮೆಯ ಮುಂದೆ ಅಗ್ಗ. ರಾಣಿಯಿಂದ ಅಡುಗೆಯವಳ ತನಕ ಎಲ್ಲರಿಗೂ ಅದೇ ಬೇಕಾಯಿತು. ರೇಷ್ಮೆ, ಉಣ್ಣೆಯ ಉದ್ಯಮದವರು ಬಾಯಿ ಬಡಿದುಕೊಂಡರು. ಸರ್ಕಾರ ಆಮದನ್ನೂ ನಿಲ್ಲಿಸಿತು, ಫ್ರಾನ್ಸಿನೊಳಗೆ ನಕಲು ಮಾಡಿ ಅಚ್ಚು ಹಾಕುವುದನ್ನೂ ನಿಲ್ಲಿಸಿತು. ತೊಟ್ಟರೆ ದಂಡ, ಸಿಕ್ಕ ಬಟ್ಟೆಗೆ ಬೆಂಕಿ, ಕಳ್ಳಸಾಗಣೆ ಮಾಡಿದವನಿಗೆ ಹಡಗಿನಲ್ಲಿ ಹುಟ್ಟು ಹಾಕುವ ಜೀತ. ಬೀದಿಯಲ್ಲಿ ಹೋಗುವ ಹೆಂಗಸಿನ ಲಂಗದ ಹೂವು ಯಾವ ದೇಶದ್ದೆಂದು ತಪಾಸಣೆ ಮಾಡುವುದೂ ಆಡಳಿತದ ಕೆಲಸವಾಯಿತು.

ಸರ್ಕಾರ ಚಾಪೆ ಕೆಳಗೆ ತೂರಿದರೆ ಜನ ರಂಗೋಲಿ ಕೆಳಗೆ ತೂರಿದರು. ಹದಿನೈದನೇ ಲೂಯಿಯ ಪ್ರೇಯಸಿ ಮದಾಂ ದ ಪೊಂಪದೂರ್ ತನ್ನ ಬಂಗಲೆಯನ್ನೇ ಈ ನಿಷೇಧಿತ ಬಟ್ಟೆಯಿಂದ ಸಿಂಗರಿಸಿಕೊಂಡಿದ್ದಳು. ಅಲ್ಲಿಗೆ ಯಾವ ತಪಾಸಣಾಧಿಕಾರಿ ಹೋದಾನು? ಎಪ್ಪತ್ತಮೂರು ವರ್ಷ ಹೀಗೆ ನಡೆದು, 1759ರಲ್ಲಿ ನಿಷೇಧ ಬಿದ್ದುಹೋಯಿತು. ಮರುವರ್ಷವೇ ಒಬರ್‌ಕಾಂಪ್ಫ್ ಎಂಬ ಜರ್ಮನಿ ಮೂಲದವನು ವರ್ಸೇಲ್ಸ್ ಪಕ್ಕದ ಜೂಯಿ ಊರಿನಲ್ಲಿ ಅಚ್ಚಿನ ಕಾರ್ಖಾನೆ ತೆರೆದ. ಈಗ ದಕ್ಷಿಣದ ಪ್ರೊವಾನ್ಸ್ ಕಡೆ ಹೋದರೆ ಪ್ರವಾಸಿಗರ ಮುಂದೆ ಹರವಿಡುವ 'ಅಪ್ಪಟ ಪಾರಂಪರಿಕ ಫ್ರೆಂಚ್ ಬಟ್ಟೆ' ಇದೇ. ಸುಟ್ಟುಹಾಕಿದ್ದನ್ನೇ ಪರಂಪರೆ ಅನ್ನುವುದಕ್ಕೆ ಧೈರ್ಯ ಬೇಕು, ಒಪ್ಪಿಕೊಳ್ಳೋಣ.

ಪಾಠ ಕಲಿತರೇ? 1783ರಲ್ಲಿ ಚಿತ್ರಕಾರ್ತಿ ವಿಜೆ ಲ ಬ್ರಾಂ, ರಾಣಿ ಮೇರಿ ಅಂಟೋನೆಟ್ ತೆಳು ಬಿಳಿ ಮಸ್ಲಿನ್ ಉಡುಪಿನಲ್ಲಿರುವ ಚಿತ್ರ ಬರೆದು ಪ್ರದರ್ಶನಕ್ಕಿಟ್ಟಳು. ರಾಣಿ ಒಳ ಉಡುಪಿನಲ್ಲಿ ನಿಂತಿದ್ದಾಳೆಂದು ಕೆಲವರ ಕೂಗು. ಪರದೇಶಿ ಹತ್ತಿ ಉಟ್ಟು ಲಿಯಾನ್‌ನ ರೇಷ್ಮೆಯವರ ಹೊಟ್ಟೆಗೆ ಹೊಡೆದಳೆಂದು ಇನ್ನು ಕೆಲವರ ಕೂಗು. ಚಿತ್ರವನ್ನು ಇಳಿಸಿ, ರೇಷ್ಮೆ ಉಡಿಸಿ ಬರೆದ ಇನ್ನೊಂದನ್ನು ನೇತುಹಾಕಬೇಕಾಯಿತು. ಐದು ವರ್ಷದ ಮೇಲೆ, 1788ರಲ್ಲಿ, ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಮೈಸೂರಿನ ಪರವಾಗಿ ವರ್ಸೇಲ್ಸ್‌ಗೆ ಬಂದರು. ಬಂದದ್ದು ಇಂಗ್ಲಿಷರ ವಿರುದ್ಧ ಸೈನ್ಯ ಕೇಳಲು. ಪ್ಯಾರಿಸ್ ನೋಡಿದ್ದು ಅವರ ಮಸ್ಲಿನ್ ನಿಲುವಂಗಿಯನ್ನು. ಅದೇ ವಿಜೆ ಲ ಬ್ರಾಂ ಬೆನ್ನು ಬಿದ್ದು, ರಾಜನ ಕಡೆಯಿಂದ ಹೇಳಿಸಿ, ಅವರನ್ನು ಕೂರಿಸಿ ಚಿತ್ರ ಬರೆದಳು. ಟಿಪ್ಪುವಿಗೆ ಸೈನ್ಯ ಸಿಗಲಿಲ್ಲ, ಸೆವ್ರ್‌ನ ಪಿಂಗಾಣಿ ಸಿಕ್ಕಿತು. ರಾಯಭಾರಿ ದರ್ವೇಶ್ ಖಾನನ ಆ ಚಿತ್ರ 2019ರಲ್ಲಿ ಎಪ್ಪತ್ತು ಲಕ್ಷ ಡಾಲರಿಗೂ ಮೇಲೆ ಹರಾಜಾಯಿತು.

ರಾಜ ಹೋದ, ಕ್ರಾಂತಿ ಬಂತು. 1793ರ ಅಕ್ಟೋಬರ್ 29ರಂದು ಕ್ರಾಂತಿ ಸರ್ಕಾರ ಘೋಷಿಸಿತು: ಇಂಥದ್ದೇ ಉಡು ಎಂದು ಯಾರೂ ಯಾರನ್ನೂ ಒತ್ತಾಯಿಸುವಂತಿಲ್ಲ. ಭೇಷ್! ಆದರೆ ಕಣ್ಣು ಕಿರಿದು ಮಾಡಿ ಮುಂದೆ ಓದಬೇಕು. ಗಂಡಸು ಗಂಡಸಿನ ಬಟ್ಟೆ, ಹೆಂಗಸು ಹೆಂಗಸಿನ ಬಟ್ಟೆ. ತ್ರಿವರ್ಣದ ಬಿಲ್ಲೆ ಧರಿಸಬೇಕೆಂಬ ಹಿಂದಿನ ಆದೇಶವೂ ಹಾಗೇ ಇರತಕ್ಕದ್ದು.

ಆ ಮೊದಲ ಷರತ್ತಿಗೆ 1800ರ ನವೆಂಬರ್‌ನಲ್ಲಿ ಪ್ಯಾರಿಸ್ ಪೊಲೀಸರು ಹಲ್ಲು ಕೂರಿಸಿದರು. ಗಂಡಸಿನ ಉಡುಪು ಬೇಕಾದ ಹೆಂಗಸು ಪೊಲೀಸ್ ಕಚೇರಿಗೆ ಬಂದು, ವೈದ್ಯರ ಸರ್ಟಿಫಿಕೇಟು ಕೊಟ್ಟು, ಅನುಮತಿ ಪಡೆಯಬೇಕು. ಪ್ರಾಣಿಗಳ ಚಿತ್ರಕ್ಕೆ ಹೆಸರಾದ ರೋಸಾ ಬೊನೂರ್‌ಗೆ ಕುದುರೆ ಸಂತೆ, ಕಸಾಯಿಖಾನೆಗಳ ಕೆಸರಿನಲ್ಲಿ ಲಂಗ ಎತ್ತಿಕೊಂಡು ಓಡಾಡಿ ಸಾಕಾಗಿತ್ತು. ಆಕೆಗೆ ಸಿಕ್ಕ 1857ರ ಮೇ 12ರ ಅನುಮತಿ ಪತ್ರ ಈಗಲೂ ಉಳಿದಿದೆ. ಅಚ್ಚು ಮಾಡಿದ ನಮೂನೆ, ಖಾಲಿ ಜಾಗದಲ್ಲಿ ಗುಮಾಸ್ತನ ಕೈಬರಹ. ಕಾರಣ: ಆರೋಗ್ಯ. ಷರತ್ತು: ಪ್ಯಾಂಟು ಹಾಕಿಕೊಂಡು ನಾಟಕ, ನೃತ್ಯಕೂಟ, ಜನ ಸೇರುವ ಕಡೆ ಕಾಣಿಸಿಕೊಳ್ಳಕೂಡದು. ಅವಧಿ: ಹಳೇ ಗಾಡಿಯ ಎಮಿಷನ್ ಸರ್ಟಿಫಿಕೇಟಿನ ಹಾಗೆ, ಆರು ತಿಂಗಳು. ಇದೇ ಸರ್ಕಾರ 1865ರಲ್ಲಿ ಆಕೆಗೆ ಲೀಜಿಯನ್ ಆಫ್ ಆನರ್ ಪದಕ ಕೊಟ್ಟಿತು. ಎದೆಗೆ ಪದಕ ಕೊಡಲು ಅಡ್ಡಿಯಿಲ್ಲ, ಕಾಲಿಗೆ ಪ್ಯಾಂಟು ಕೊಡಲು ಡಾಕ್ಟರು ಬೇಕು.

ಆಮೇಲೆ ಸೈಕಲ್ ಬಂತು, ಸರ್ಕಾರದ ಮನಸ್ಸೂ ಕರಗಿತು. 1892 ಮತ್ತು 1909ರ ಸುತ್ತೋಲೆಗಳ ಪ್ರಕಾರ, ಕೈಯಲ್ಲಿ ಸೈಕಲ್ ಹ್ಯಾಂಡಲ್ಲೋ ಕುದುರೆ ಲಗಾಮೋ ಇದ್ದರೆ ಹೆಂಗಸು ಪ್ಯಾಂಟು ಹಾಕಬಹುದು. ಸೈಕಲ್ಲನ್ನು ಗೋಡೆಗೊರಗಿಸಿ ಕಾಫಿಗೆ ಕೂತರೆ ಆ ಪ್ಯಾಂಟಿನ ಗತಿಯೇನು ಎಂಬುದಕ್ಕೆ ಸುತ್ತೋಲೆಯಲ್ಲಿ ಉತ್ತರವಿಲ್ಲ. 1800ರ ಆ ಆದೇಶಕ್ಕೆ ಕಿಮ್ಮತ್ತಿಲ್ಲವೆಂದು ಸರ್ಕಾರ ಬಾಯಿಬಿಟ್ಟು ಹೇಳಿದ್ದು 2013ರಲ್ಲಿ. ಅಷ್ಟರಲ್ಲಿ ಈವ್ ಸಾಂ ಲೊರಾಂ ಹೆಂಗಸರಿಗೆ ಸೂಟು ಹೊಲಿದು ಕೀರ್ತಿ ಸಂಪಾದಿಸಿ, ತೀರಿಕೊಂಡೂ ಆಗಿತ್ತು.

ಸಂಸತ್ತಿನ ಕಥೆ ಕೇಳಿ. 1972ರಲ್ಲಿ ಮಿಶೆಲ್ ಆಲಿಯೋ-ಮಾರಿ ಎಂಬ ಮಹಿಳೆ ಪ್ಯಾಂಟು ಹಾಕಿ ಬಂದರೆಂದು ಬಾಗಿಲಲ್ಲಿ ತಡೆದರು. ಅಷ್ಟು ತೊಂದರೆಯಾದರೆ ಬಿಚ್ಚಿಬಿಡುತ್ತೇನೆ ಅಂದರಂತೆ; ದಾರಿ ಬಿಟ್ಟರು. ಮುಂದೆ ಅವರೇ ರಕ್ಷಣಾ ಮಂತ್ರಿಯಾದರು. ಸರಿ, ಪ್ಯಾಂಟು ಬೇಡ, ಫ್ರಾಕೇ ಹಾಕೋಣ ಅಂದರೆ? 2012ರ ಜುಲೈಯಲ್ಲಿ ವಸತಿ ಮಂತ್ರಿ ಸೆಸಿಲ್ ಡುಫ್ಲೋ ನೀಲಿ ಹೂವಿನ ಫ್ರಾಕು ತೊಟ್ಟು ಮಾತಾಡಲು ಎದ್ದದ್ದೇ ತಡ, ಗಂಡು ಸದಸ್ಯರ ಬೆಂಚಿನಿಂದ ಸಿಳ್ಳೆ, ಹೋ ಹೋ ಎಂಬ ಕೂಗು.

ಗಂಡಸರನ್ನೂ ಬಿಟ್ಟಿಲ್ಲ ಅನ್ನಿ. ಫ್ರೆಂಚರ ವ್ಯಂಗ್ಯಚಿತ್ರಗಳಲ್ಲೆಲ್ಲ ಕಾಣುವ ಆ ನೀಲಿ ಬಿಳಿ ಪಟ್ಟೆಯ ಬನಿಯನ್ 1858ರ ನೌಕಾಪಡೆಯ ಆದೇಶ: ಮೈಭಾಗಕ್ಕೆ 21 ಬಿಳಿ ಪಟ್ಟೆ, ನೀಲಿಯ ಎರಡರಷ್ಟು ಅಗಲ. ಶನೆಲ್ ಅದನ್ನು ಸಮುದ್ರ ತೀರದ ಸಿರಿವಂತರಿಗೆ ತೊಡಿಸಿದರು, ಅಷ್ಟೇ.

ಸಮುದ್ರ ತೀರ ಅಂದಮೇಲೆ ಇದನ್ನೂ ಹೇಳಬೇಕು. 1946ರಲ್ಲಿ ಪ್ಯಾರಿಸ್ಸಿನ ಈಜುಕೊಳದಲ್ಲಿ ಲೂಯಿ ರೆಯಾರ್ ಬಿಕಿನಿ ಬಿಡುಗಡೆ ಮಾಡಿ ಜಗತ್ತಿನ ಕಣ್ಣು ಕುಕ್ಕಿಸಿದ. ಸರಿಯಾಗಿ 70 ವರ್ಷಕ್ಕೆ, 2016ರಲ್ಲಿ, ಕೆಲವು ಊರುಗಳ ಮೇಯರ್‌ಗಳು ಮೈತುಂಬ ಮುಚ್ಚುವ ಬುರ್ಕಿನಿ ನಿಷೇಧಿಸಿದರು. ನೀಸ್‌ನ ಕಡಲದಂಡೆಯಲ್ಲಿ ಮಲಗಿದ್ದ ಹೆಂಗಸಿನ ಸುತ್ತ ಪೊಲೀಸರು ನಿಂತಿರುವ, ಆಕೆ ಮೇಲಂಗಿ ಬಿಚ್ಚುತ್ತಿರುವ ಫೋಟೊ ಲೋಕವೆಲ್ಲ ಸುತ್ತಿತು. ಆಗಸ್ಟ್ 26ರಂದು ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ ಅಂಥದ್ದೊಂದು ಆದೇಶಕ್ಕೆ ತಡೆ ಕೊಟ್ಟಿತು. 2023ರಲ್ಲಿ ಸರ್ಕಾರ ಶಾಲೆಗಳಲ್ಲಿ ಅಬಾಯಾ ಎಂಬ ಉದ್ದನೆಯ ಸಡಿಲ ನಿಲುವಂಗಿಯನ್ನು ನಿಲ್ಲಿಸಿತು. ಟೇಪು ಇನ್ನೂ ಕೈಯಲ್ಲೇ ಇದೆ.

ಆದ್ದರಿಂದ ಪ್ಯಾರಿಸ್‌ಗೆ ಹೊರಟಿರುವವರಲ್ಲಿ ಒಂದು ವಿನಂತಿ. ಹೆಂಗಸರು ಪ್ಯಾಂಟು ಹಾಕಿ ಧಾರಾಳವಾಗಿ ತಿರುಗಾಡಬಹುದು, ಸೈಕಲ್ ಹಿಡಿದಿರಬೇಕೆಂದಿಲ್ಲ. ಗಂಡಸರು ಮಾತ್ರ ಮೊಣಕಾಲಿನ ತನಕದ ಸಡಿಲ ಬರ್ಮುಡಾ ನಂಬಿಕೊಂಡು ಅಲ್ಲಿನ ಮುನ್ಸಿಪಲ್ ಈಜುಕೊಳಕ್ಕೆ ಹೋಗಬೇಡಿ. ನೀರಿಗೆ ಬಿಡುವುದಿಲ್ಲ, ಮೈಗಂಟುವ ಚಡ್ಡಿಯೇ ಬೇಕು.