ಸನ್ನಿವೇಲ್‌ನ ರವಿಕೆ ಕಣ

ಅಮೆರಿಕದ ಅನೇಕ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದಲು ಹೋದವರೂ ಒಂದೆರಡು ಸಮಾಜ ವಿಜ್ಞಾನದ ಕೋರ್ಸು ಮುಗಿಸಬೇಕಾಗುತ್ತದೆ. ಈ ನಿಯಮ ಮಾಡುವ ಮೊದಲು ಕನ್ನಡದ ಅಪ್ಪಂದಿರನ್ನು ಒಂದು ಮಾತು ಕೇಳಬಹುದಿತ್ತು. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ಒಂದು ಮೈಸೂರು ಮನೆಯ ಮಗಳು ಸೋಷಿಯಾಲಜಿ ತಗೊಂಡಿದ್ದೀನಿ ಅಂದಾಗ ಅಪ್ಪ ಕೇಳಿದ್ದು ಎರಡೇ ಪ್ರಶ್ನೆ. ‘ಇದಕ್ಕೂ ಅಷ್ಟೇ ಫೀಸಾ?’ ಮತ್ತು ‘ಇದರಲ್ಲಿ ಎ ಗ್ರೇಡ್ ಸುಲಭವಾಗಿ ಬರುತ್ತಾ?’ ಬರುತ್ತದೆ ಅಂದಮೇಲೆ ಸಮಾಧಾನವಾಯಿತು. ಸೋಷಿಯಾಲಜಿಗೆ ಬೇರೆ ಪ್ರಯೋಗಾಲಯ ಬೇಕಿಲ್ಲ, ಮನೆಯವರೇ ಸಾಕು ಎಂಬ ಸಂಗತಿ ಆಗ ಯಾರಿಗೂ ಹೊಳೆಯಲಿಲ್ಲ.

ಪಠ್ಯದಿಂದ ಮೊದಲು ಮನೆಗೆ ಬಂದವನು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್. 1949 ಮತ್ತು 1951ರ ನಡುವೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳಲ್ಲಿದ್ದು, ಅಲ್ಲಿನ ರೈತಾಪಿ ಜನರ ಎದ್ದದ್ದು ಕೂತದ್ದನ್ನೆಲ್ಲ ಬರೆದುಕೊಂಡವನು. ಆ ಮನೆಗಳ ಒಳಗೆ ಬೆಳಕು ಕಡಿಮೆ. ಕಿಟಕಿಯಿಂದ ನೋಡಿದರೆ ಬರುವ ನೆಂಟರು ಕಾಣುತ್ತಾರೆ, ನೆಂಟರಿಗೆ ಒಳಗಿನವರು ಕಾಣರು. ದಾರಿಯುದ್ದಕ್ಕೂ ಒಂದು ಮುಖ ಹೊತ್ತು ಬಂದವರು ಬಾಗಿಲ ಹತ್ತಿರ ಅದನ್ನು ಕಳಚಿ ನಗುಮುಖ ತೊಟ್ಟುಕೊಳ್ಳುವುದನ್ನು ನೋಡುವುದೇ ದ್ವೀಪದವರಿಗೊಂದು ಮೋಜಾಗಿತ್ತು. ಮನುಷ್ಯರಿಗೆ ರಂಗದ ಮೇಲೆ ಒಂದು ವೇಷ, ನೇಪಥ್ಯದಲ್ಲಿ ಇನ್ನೊಂದು ಎಂದು 1956ರಲ್ಲಿ ಗಾಫ್‌ಮನ್ ಪುಸ್ತಕವನ್ನೇ ಬರೆದ.

ಸನ್ನಿವೇಲ್ ಮನೆಯಲ್ಲಿ ಆ ಕಿಟಕಿಯ ಕೆಲಸವನ್ನು ಕಾಲಿಂಗ್ ಬೆಲ್‌ನ ಕ್ಯಾಮೆರಾ ಮಾಡುತ್ತದೆ. ಹಾಕಿಸಿದ್ದು ಪಾರ್ಸೆಲ್ ಕದಿಯುವವರಿಗೆ ಹೆದರಿ. ಕಳ್ಳರು ಈವರೆಗೆ ಸಿಕ್ಕಿಲ್ಲ, ಊಟಕ್ಕೆ ಬರುವ ನೆಂಟರು ಸಿಗುತ್ತಿದ್ದಾರೆ. ಫ್ರೀಮಾಂಟ್‌ನ ದಂಪತಿ ಕಾರಿನಿಂದ ಇಳಿದರು. ‘ಹೋದ ತಕ್ಷಣ ಮನೆ ರೇಟು ಎಷ್ಟಾಯ್ತು ಅಂತ ಶುರು ಮಾಡ್ಬೇಡಿ’ ಎಂದು ಹೆಂಡತಿ, ‘ನೀನು ಹತ್ತಕ್ಕೆ ಏಳು, ಕಳೆದ ಸಲದ ಹಾಗೆ ಬಾಗಿಲಲ್ಲಿ ಒಂದು ಗಂಟೆ ನಿಂತು ಮಾತಾಡ್ಬೇಡ’ ಎಂದು ಗಂಡ. ಬೆಲ್ಲಿನ ಮೇಲೆ ಬೆರಳಿಟ್ಟದ್ದೇ ತಡ, ಇಬ್ಬರ ಮುಖದಲ್ಲೂ ಹಬ್ಬ. ಒಳಗೆ ಅಡುಗೆಮನೆಯಲ್ಲಿ ಅಮ್ಮ ಫೋನಿನಲ್ಲಿ ಇಷ್ಟನ್ನೂ ನೋಡಿ, ಕೇಳಿ, ಒಗೆದ ಬಟ್ಟೆಯ ಬುಟ್ಟಿಯನ್ನು ಕಾಲಿನಿಂದ ಬೆಡ್‌ರೂಮಿಗೆ ತಳ್ಳಿ, ತಮ್ಮ ನಗುವನ್ನೂ ಸರಿಮಾಡಿಕೊಂಡು ಬಾಗಿಲು ತೆರೆದರು.

ಗಾಫ್‌ಮನ್‌ಗೆ ಗೊತ್ತಿಲ್ಲದ್ದೂ ಒಂದಿದೆ. ಹೊರನಾಡ ಕನ್ನಡಿಗರ ಮನೆಗೆ ಮೊದಲ ಸಲ ಬಂದವರಿಗೆ ಮನೆ ತೋರಿಸುವ ಪದ್ಧತಿ. ಬೆಡ್‌ರೂಮು, ಬಚ್ಚಲು, ಬಟ್ಟೆ ಬೀರು ಎಲ್ಲವೂ ಪ್ರದರ್ಶನಕ್ಕೆ. ನೇಪಥ್ಯವೇ ರಂಗವಾಗಿಬಿಟ್ಟರೆ ನೇಪಥ್ಯದ ಸಾಮಾನು ಎಲ್ಲಿಡಬೇಕು? ಗ್ಯಾರೇಜಿನಲ್ಲಿ. ಗ್ಯಾರೇಜೂ ನೋಡುತ್ತೇವೆ ಅಂದರೆ ಕಾರಿನ ಡಿಕ್ಕಿಯಲ್ಲಿ.

ಮಗಳು ಇದನ್ನೆಲ್ಲ ಊಟದ ಹೊತ್ತಿನಲ್ಲಿ ವಿವರಿಸಿದಳು. ಅಮ್ಮ ಫ್ರೀಮಾಂಟ್‌ಗೆ ಫೋನು ಮಾಡಿ, ‘ಆ ಬೆಲ್‌ನಲ್ಲಿ ಮಾತೂ ಕೇಳಿಸುತ್ತಂತೆ ಕಣ್ರೀ’ ಅಂದರು. ಅಂದಿನಿಂದ ಗೆಳೆಯರ ಬಳಗದವರೆಲ್ಲ ಕಾರು ರಸ್ತೆ ತಿರುಗುವಾಗಲೇ ನಗಲು ಶುರುಮಾಡುತ್ತಾರೆ. ಗಾಫ್‌ಮನ್ ಇದನ್ನೂ ಬರೆದಿಟ್ಟಿದ್ದಾನೆ: ಕಿಟಕಿಯ ಗುಟ್ಟು ತಿಳಿದ ಶೆಟ್‌ಲೆಂಡಿನ ಕೆಲವರು ಬಹುದೂರದಿಂದಲೇ ಸಭ್ಯ ಮುಖ ಹಾಕಿಕೊಂಡು ಬರುತ್ತಿದ್ದರಂತೆ.

ಎರಡನೆಯ ಪ್ರಯೋಗ ಇಷ್ಟು ಸಲೀಸಾಗಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಪಾಠ ಹೇಳುತ್ತಿದ್ದ ಹೆರಾಲ್ಡ್ ಗಾರ್ಫಿಂಕೆಲ್ ತನ್ನ ವಿದ್ಯಾರ್ಥಿಗಳಿಗೆ ಒಂದು ವಿಚಿತ್ರ ಮನೆಪಾಠ ಕೊಟ್ಟಿದ್ದ. ಕಾಲು ಗಂಟೆಯಿಂದ ಒಂದು ಗಂಟೆಯ ತನಕ ಸ್ವಂತ ಮನೆಯಲ್ಲೇ ಬಾಡಿಗೆಗಿರುವವರಂತೆ ನಡೆದುಕೊಳ್ಳಬೇಕು; ವಿನಯದಿಂದಿರಬೇಕು, ಕೇಳಿದಷ್ಟಕ್ಕೆ ಮಾತ್ರ ಉತ್ತರಿಸಬೇಕು. 1967ರ ಅವನ ಪುಸ್ತಕದಲ್ಲಿ ಫಲಿತಾಂಶವಿದೆ. ಐದರಲ್ಲಿ ನಾಲ್ಕು ಪಾಲು ಮನೆಗಳವರು ದಂಗುಬಡಿದುಹೋದರು. ಫ್ರಿಜ್‌ನಿಂದ ಏನಾದರೂ ತಗೊಳ್ಳಲೇ ಎಂದು ತಾಯಿಯ ಗೆಳತಿಯರ ಎದುರು ಕೇಳಿದ ಹುಡುಗನೊಬ್ಬ, ಇಷ್ಟು ವರ್ಷ ಕೇಳದೆ ತಿಂದವನಿಗೆ ಈಗೇನು ಬಂತು ಎಂದು ಬೈಸಿಕೊಂಡ.

ಸನ್ನಿವೇಲ್‌ನ ಮಗಳೂ ಫ್ರಿಜ್‌ನಿಂದಲೇ ಆರಂಭಿಸಿದಳು.

‘ಅಮ್ಮಾ, ತಾವು ಅಪ್ಪಣೆ ಕೊಟ್ಟರೆ ಒಂದು ಲೋಟ ಹಾಲು ತಗೊಳ್ಳಲೇ?’

ಅಮ್ಮ ಸೌಟು ಕೆಳಗಿಟ್ಟರು. ಹಣೆ ಮುಟ್ಟಿ ನೋಡಿದರು. ಬಿಸಿ ಇಲ್ಲ. ‘ಕಾರು ಎಲ್ಲಾದ್ರೂ ಗುದ್ದಿಸಿದ್ಯೇನೇ?’ ಎಂದು ಹೊರಗೆ ಹೋಗಿ ಬಂಪರನ್ನು ಸುತ್ತ ನೋಡಿ ಬಂದರು. ಅಪ್ಪನಿಗೆ ಮಾತ್ರ ಯಾವ ಅನುಮಾನವೂ ಬರಲಿಲ್ಲ. ಭಾನುವಾರದ ನಿದ್ದೆ ಬಿಟ್ಟು ಕನ್ನಡ ಶಾಲೆಗೆ ಕರೆದುಕೊಂಡು ಹೋದದ್ದು ಸಾರ್ಥಕವಾಯಿತು ಅಂದುಕೊಂಡರು. ಆರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದಿದ್ದ ಅಜ್ಜಿ ಕಾಯಿಲೆ ಏನೆಂದು ಪತ್ತೆಹಚ್ಚಿಬಿಟ್ಟರು: ಇದು ದೃಷ್ಟಿ. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೊಮ್ಮಗಳಿಗೆ ಮೂರು ಸುತ್ತು ನಿವಾಳಿಸಿ ಒಲೆಯ ಮೇಲೆ ಹಾಕಿದರು. ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿಯಿದೆ. ಘಾಟು ಬಂತೋ ಇಲ್ಲವೋ ಎಂದು ಮೂಸುವಷ್ಟರಲ್ಲಿ ಹೊಗೆಯ ಅಲಾರಂ ಬಡಿದುಕೊಂಡಿತು. ಅಪ್ಪ ಕುರ್ಚಿ ಹತ್ತಿ ಟವೆಲ್ಲಿನಿಂದ ಗಾಳಿ ಬೀಸಿದರು, ಪಕ್ಕದ ಮನೆಯಾತ ಬಂದು ಎಲ್ಲ ಸರಿಯಿದೆಯಾ ಎಂದು ಕೇಳಿದ. ಆಗ ಮನೆಮಂದಿಯೆಲ್ಲ ಒಟ್ಟಿಗೆ ತೊಟ್ಟ ನಗುಮುಖಕ್ಕೆ ಗಾಫ್‌ಮನ್‌ನ ಕೈಯಲ್ಲೇ ಅಂಕ ಹಾಕಿಸಬೇಕಿತ್ತು.

ಮಾರ್ಕ್ ಗ್ರಾನೊವೆಟರ್‌ನ ವಿಷಯದಲ್ಲಿ ಮನೆಯಲ್ಲಿ ಜಗಳವಿಲ್ಲ. ಕೆಲಸ ಸಿಗುವುದು ಆಪ್ತ ಗೆಳೆಯರಿಗಿಂತ ಹೆಚ್ಚಾಗಿ ಅಪರೂಪಕ್ಕೆ ಸಿಗುವ ಪರಿಚಯಸ್ಥರಿಂದ ಎಂದು 1973ರಲ್ಲಿ ಅವನು ಬರೆದ. ಬಾಸ್ಟನ್ ಪಕ್ಕದ ಊರೊಂದರಲ್ಲಿ ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ವಿಚಾರಿಸಿದಾಗ, ಆ ಪರಿಚಯದವರನ್ನು ಪದೇ ಪದೇ ನೋಡುತ್ತಿದ್ದೆವು ಅಂದವರು ನೂರಕ್ಕೆ 17ರಷ್ಟು ಮಾತ್ರ. ಅಪ್ಪನಿಗೆ ಈಗಿನ ಕೆಲಸ ಸಿಕ್ಕಿದ್ದು ಯುಗಾದಿ ಕಾರ್ಯಕ್ರಮದ ಬಿಸಿಬೇಳೆಬಾತ್ ಸಾಲಿನಲ್ಲಿ, ಹಿಂದೆ ನಿಂತಿದ್ದವರಿಂದ. ಅವರ ಹೆಸರು ಅಪ್ಪನಿಗೆ ಇವತ್ತಿಗೂ ಸರಿಯಾಗಿ ನೆನಪಿಲ್ಲ.

ಆರ್ಲಿ ಹೋಕ್‌ಶಿಲ್ಡ್ ಬಂದಾಗ ಮನೆಯ ಹವೆ ಸ್ವಲ್ಪ ಕೆಟ್ಟಿತು. ಬರ್ಕ್ಲಿಯಲ್ಲಿ ಪ್ರೊಫೆಸರ್ ಆಗಿದ್ದ ಈಕೆ ಸನ್ನಿವೇಲ್ ಇರುವ ಇದೇ ಬೇ ಏರಿಯಾದ, ಇಬ್ಬರೂ ದುಡಿಯುವ ದಂಪತಿಗಳ ಮನೆಗಳಲ್ಲಿ ಕೂತು, 1989ರಲ್ಲಿ ಒಂದು ಪುಸ್ತಕ ತಂದರು. ಆಫೀಸು ಮುಗಿಸಿದ ಹೆಂಗಸು ಮನೆಯಲ್ಲಿ ಎರಡನೆಯ ಪಾಳಿ ಮಾಡುತ್ತಾಳೆ. ಹೊರಗಿನದೂ ಒಳಗಿನದೂ ಕೂಡಿಸಿದರೆ ಗಂಡನಿಗಿಂತ ವರ್ಷಕ್ಕೆ ಒಂದು ತಿಂಗಳು, ಅದೂ ದಿನಕ್ಕೆ 24 ಗಂಟೆಯ ಲೆಕ್ಕದಲ್ಲಿ, ಹೆಚ್ಚು ದುಡಿಯುತ್ತಾಳೆ ಎನ್ನುವುದು ಅದರ ಸಾರ. ಅದರಲ್ಲಿ ಬರುವ ಒಂದು ದಂಪತಿ ಸಮಪಾಲು ಮಾಡಿಕೊಂಡಿದ್ದರು: ಮೇಲಿನ ಮಹಡಿ ಹೆಂಡತಿಗೆ, ಕೆಳಗಿನದು ಗಂಡನಿಗೆ. ಮೇಲೆ ಅಡುಗೆಮನೆ, ಹಜಾರ, ಮಲಗುವ ಕೋಣೆ, ಬಚ್ಚಲು. ಕೆಳಗೆ ಗ್ಯಾರೇಜು ಮತ್ತು ನಾಯಿ.

ಅಪ್ಪ ಕೇಳಿ, ‘ಸರಿಯಾಗೇ ಇದ್ಯಲ್ಲ?’ ಅಂದರು. ಈ ಮನೆಯಲ್ಲೂ ಗ್ಯಾರೇಜು ಅವರದೇ. ಸೋನಾ ಮಸೂರಿ ಮೂಟೆಗಳು, ಎರಡನೆಯ ಫ್ರಿಜ್, ಊರಿಗೆ ಹೋಗುವಾಗ ತೂಕ ನೋಡುವ ತಕ್ಕಡಿ, ಸೂಟ್‌ಕೇಸುಗಳು. ನಾಯಿ ಇಲ್ಲ, ಬದಲಿಗೆ ತುಳಸಿ ಗಿಡವಿದೆ, ಚಳಿ ಬಿದ್ದ ರಾತ್ರಿ ಅದನ್ನು ಒಳಗೆ ತಂದಿಡುವ ಹೊಣೆ ಅಪ್ಪನದು. ಪುಸ್ತಕದ ಪ್ರಭಾವದಿಂದ ಒಂದು ರಾತ್ರಿ ಅವರು ಡಿಶ್‌ವಾಷರ್‌ಗೆ ಪಾತ್ರೆ ಜೋಡಿಸಿದರು. ಜೋಡಿಸಿ, ಎಲ್ಲರನ್ನೂ ಕರೆದು ತೋರಿಸಿದರು. ಅವರು ಮಲಗಿದ ಮೇಲೆ ಅಮ್ಮ ಎಲ್ಲ ತೆಗೆದು ಮತ್ತೆ ಜೋಡಿಸಿದರು. ಇದು ಯಾರ ಪಾಳಿಯ ಲೆಕ್ಕಕ್ಕೆ ಸೇರುತ್ತದೆಂದು ಮಗಳಿಗೆ ಇನ್ನೂ ಗೊತ್ತಾಗಿಲ್ಲ.

ಅಜ್ಜಿಗೆ ಈ ವಿದ್ಯೆಯ ಮೇಲೆ ಗೌರವ ಹುಟ್ಟಿದ್ದು ಎಂ.ಎನ್. ಶ್ರೀನಿವಾಸರಿಂದ. ಹುಟ್ಟಿದ್ದು 1916ರಲ್ಲಿ, ಮೈಸೂರಿನಲ್ಲಿ ಎಂದು ಮೊಮ್ಮಗಳು ಓದಿದ ತಕ್ಷಣ, ‘ಯಾವ ಬೀದಿ? ಯಾರ ಮಗ?’ ಎಂಬ ವಿಚಾರಣೆ ಶುರುವಾಯಿತು. ಪಠ್ಯದಲ್ಲಿ ಅದಿಲ್ಲ ಅಂದಾಗ, ‘ಮತ್ತೇನು ಓದಿಸ್ತಾರೆ ಅಲ್ಲಿ?’ ಅಂದರು. ದಿನಾ ಯೂಟ್ಯೂಬಿನ ಕನ್ನಡ ವಾರ್ತೆಯಲ್ಲಿ ಕೇಳುವ ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಚಲಾವಣೆಗೆ ತಂದವರು ಇವರೇ ಎಂದು ಹೇಳುತ್ತಾರೆ ಅಂದಮೇಲೆ ಸ್ವಲ್ಪ ಮೆತ್ತಗಾದರು. ಶ್ರೀನಿವಾಸರು 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನೆಲಸಿ, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಅಧ್ಯಯನ ಮಾಡಿದರು. ಹದಿನೆಂಟು ವರ್ಷ ತಿದ್ದಿ ತೀಡಿದ ಆ ಟಿಪ್ಪಣಿಗಳು 1970ರ ಏಪ್ರಿಲ್‌ನಲ್ಲಿ ಸುಟ್ಟುಹೋದವು. ಎಲ್ಲಿ? ಸನ್ನಿವೇಲ್‌ಗೆ ಕೂಗಳತೆಯ ಸ್ಟ್ಯಾನ್‌ಫರ್ಡ್‌ನಲ್ಲಿ, ಯಾರೋ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ. ಮೂರು ಪ್ರತಿಗಳಿದ್ದವು, ಮೂರೂ ಅವರ ಕೋಣೆಯಲ್ಲೇ ಇದ್ದವು. ಮುಖ್ಯವಾಗಿ ನೆನಪಿನ ಬಲದಿಂದ ಬರೆದು 1976ರಲ್ಲಿ ಪುಸ್ತಕ ಪ್ರಕಟಿಸಿದರು. ಅಪ್ಪನಿಗೆ ಸೋಷಿಯಾಲಜಿಯಲ್ಲಿ ಆಸಕ್ತಿ ಹುಟ್ಟಿದ್ದು ಇದೊಂದೇ ಕಡೆ. ಅವರು ಕೆಲಸ ಮಾಡುವುದು ಡೇಟಾ ಬ್ಯಾಕಪ್ ವಿಭಾಗದಲ್ಲಿ. ‘ಮೂರು ಕಾಪಿ ಒಂದೇ ರೂಮಲ್ಲಿ ಇಡ್ತಾರಾ ಯಾರಾದ್ರೂ!’ ಎಂದು ಎರಡು ದಿನ ಪರಿತಪಿಸಿದರು.

ಇನ್ನು ಉಳಿದದ್ದು ಸೆಮಿಸ್ಟರ್ ಕೊನೆಯ ಪ್ರಬಂಧ. ಅದಕ್ಕೆ ವಿಷಯ ಸಿಕ್ಕಿದ್ದು ಅಮ್ಮನ ಬೀರುವಿನ ಕೆಳಗಿನ ಅರೆಯಲ್ಲಿ.

ಅಲ್ಲಿ ರವಿಕೆ ಕಣಗಳ ಒಂದು ಭಂಡಾರವೇ ಇದೆ. ವರಮಹಾಲಕ್ಷ್ಮಿ, ಗೌರಿ ಹಬ್ಬ, ನವರಾತ್ರಿಯ ಬೊಂಬೆ, ಸಂಕ್ರಾಂತಿ ಎಂದು ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಎಲೆ ಅಡಿಕೆ, ತೆಂಗಿನಕಾಯಿಯ ಜೊತೆ ಬಂದವು. ಒಂದಕ್ಕೂ ಕತ್ತರಿ ತಾಗಿಲ್ಲ. ಸನ್ನಿವೇಲ್‌ನ ದರ್ಜಿ ಕೇಳುವ ಡಾಲರಿಗೆ ಊರಿನಲ್ಲಿ ಸೀರೆಯೇ ಬರುತ್ತದೆ. ಅದೂ ಅಲ್ಲದೆ ಅಲ್ಲಿರುವ ಒಂದು ಗಿಳಿಹಸಿರು ಕಣಕ್ಕೆ ಹೊಂದುವ ಸೀರೆ ಭೂಮಂಡಲದಲ್ಲಿಲ್ಲ. ಪ್ರತಿಯೊಂದಕ್ಕೂ ಅಮ್ಮ ಹಳದಿ ಚೀಟಿ ಅಂಟಿಸಿದ್ದಾರೆ: ‘ಮಿಲ್ಪಿಟಾಸ್’, ‘ಕುಪರ್ಟಿನೊ ಹೊಸಬರು’, ‘ಫ್ರೀಮಾಂಟ್, ಸಾಧಾರಣ’. ಕೊಟ್ಟವರಿಗೇ ವಾಪಸ್ ಹೋಗಬಾರದಲ್ಲ, ಅದಕ್ಕೆ. ಪಾಲಿಯೆಸ್ಟರ್ ಪರಿಚಯದವರಿಗೆ, ಕಾಟನ್ ಗೆಳತಿಯರಿಗೆ. ರೇಷ್ಮೆ ಕೊಡುವಾಗ ಅಮ್ಮ ಒಂದು ದಿನ ಯೋಚಿಸುತ್ತಾರೆ.

ಪಪುವಾ ನ್ಯೂಗಿನಿಗೆ ಸೇರಿದ ಟ್ರೋಬ್ರಿಯಾಂಡ್ ದ್ವೀಪಗಳಲ್ಲೂ ಇದೇ ನಡೆಯುತ್ತಿತ್ತು ಎಂದು 1922ರಲ್ಲಿ ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ ಬರೆದ. ಆ ವ್ಯವಹಾರದ ಹೆಸರು ಕುಲಾ. ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಪ್ರದಕ್ಷಿಣೆಯಾಗಿ, ಬಿಳಿ ಚಿಪ್ಪಿನ ತೋಳಬಂದಿಗಳು ಅಪ್ರದಕ್ಷಿಣೆಯಾಗಿ ಹೋಗುತ್ತಿದ್ದವು. ಯಾರೂ ಬಹಳ ಕಾಲ ಇಟ್ಟುಕೊಳ್ಳುವಂತಿಲ್ಲ. ಆ ತೋಳಬಂದಿಗಳಲ್ಲಿ ಹೆಚ್ಚಿನವು ಮಕ್ಕಳ ತೋಳಿಗೂ ಏರದಷ್ಟು ಚಿಕ್ಕವು. ಅವು ತೊಡಲು ಅಲ್ಲವೇ ಅಲ್ಲ, ಕೊಡಲು. 1925ರಲ್ಲಿ ಮಾರ್ಸೆಲ್ ಮಾಸ್ ಇದಕ್ಕೆ ಸೂತ್ರ ಕಟ್ಟಿದ: ಕೊಡಲೇಬೇಕು, ಕೊಟ್ಟರೆ ತೆಗೆದುಕೊಳ್ಳಲೇಬೇಕು, ತೆಗೆದುಕೊಂಡರೆ ತಿರುಗಿ ಕೊಡಲೇಬೇಕು. ಅಜ್ಜಿ ಕೇಳಿ, ‘ಇದಕ್ಕೆ ಅಷ್ಟು ದೂರ ಯಾಕೆ ಹೋದರಂತೆ?’ ಅಂದರು.

ಮಗಳು ಗಿಳಿಹಸಿರು ಕಣದ ಮೂಲೆಯಲ್ಲಿ ಪೆನ್ನಿನಿಂದ ಸಣ್ಣದೊಂದು ಚುಕ್ಕಿ ಇಟ್ಟಳು. ಗೌರಿ ಹಬ್ಬಕ್ಕೆ ಅದು ಮಿಲ್ಪಿಟಾಸ್‌ಗೆ ಹೋಯಿತು. ನವರಾತ್ರಿಯಲ್ಲಿ ಫ್ರೀಮಾಂಟ್‌ನ ಬೊಂಬೆ ಮನೆಯ ತಟ್ಟೆಯಲ್ಲಿ ಕಣ್ಣಿಗೆ ಬಿತ್ತು. ಸಂಕ್ರಾಂತಿಯ ದಿನ ಮೌಂಟನ್ ವ್ಯೂನವರು ಎಳ್ಳು ಬೆಲ್ಲ, ಸಕ್ಕರೆ ಅಚ್ಚಿನ ಜೊತೆ ಒಂದು ಕಣ ತಂದುಕೊಟ್ಟರು. ಮೂಲೆ ತಿರುಗಿಸಿದರೆ ಚುಕ್ಕಿ. ನಕಾಶೆ ತೆಗೆದು ನೋಡಿದಳು. ಸನ್ನಿವೇಲ್, ಮಿಲ್ಪಿಟಾಸ್, ಫ್ರೀಮಾಂಟ್, ಡಂಬಾರ್ಟನ್ ಸೇತುವೆ ದಾಟಿ ಮೌಂಟನ್ ವ್ಯೂ, ಮತ್ತೆ ಸನ್ನಿವೇಲ್: ಕೊಲ್ಲಿಯ ಸುತ್ತ ಅಪ್ರದಕ್ಷಿಣೆ, ಥೇಟ್ ತೋಳಬಂದಿಯ ದಾರಿ. ವಿಷಯ ತಿಳಿದ ಅಮ್ಮನಿಗೆ ನಾಚಿಕೆಯೇನೂ ಆಗಲಿಲ್ಲ. ‘ಮೌಂಟನ್ ವ್ಯೂ’ ಎಂಬ ಚೀಟಿ ಅಂಟಿಸಿ, ಬರುವ ವಾರ ಸ್ಯಾನ್ ರಮೋನ್‌ನ ಸೀಮಂತಕ್ಕೆ ಎತ್ತಿಟ್ಟರು.

ಪ್ರಬಂಧಕ್ಕೆ ಎ ಬಂದಿದೆ. ಮುಂದಿನ ಸೆಮಿಸ್ಟರ್‌ಗೆ ಮಗಳು ಎರಡನೆಯ ಸೋಷಿಯಾಲಜಿ ಕೋರ್ಸು ಹಿಡಿದಿದ್ದಾಳೆ, ಅಪ್ಪನಿಗೆ ಇನ್ನೂ ಹೇಳಿಲ್ಲ. ಆದ್ದರಿಂದ ಬೇ ಏರಿಯಾದ ಓದುಗರಲ್ಲಿ ಒಂದು ವಿನಂತಿ: ನಿಮ್ಮ ಬೀರುವಿನಲ್ಲಿ ಮೂಲೆಗೆ ಚುಕ್ಕಿಯಿರುವ ಗಿಳಿಹಸಿರು ಕಣವೇನಾದರೂ ಬಂದು ಕೂತಿದ್ದರೆ ದಯವಿಟ್ಟು ಹೊಲಿಸಬೇಡಿ, ಮುಂದಿನ ಹಬ್ಬಕ್ಕೆ ಯಾರಿಗಾದರೂ ಕೊಟ್ಟುಬಿಡಿ. ಎಣಿಕೆ ಇನ್ನೂ ಮುಗಿದಿಲ್ಲ.